ಬೀಗರ ಊಟಕ್ಕೆ ಬ್ಯಾಂಕ್ ಇಟ್ಟ ಹೆಸರು

ಸ್ನೇಹಿತರೇ, ನನಗಾದ ಫಜೀತಿ ಕೇಳಿ.

ಹೋಟೆಲ್ ಬಿಲ್ಲಿಗೆ ಐದು ಪಟ್ಟು ಪಾಯಿಂಟ್ ಕೊಡುವ ಕ್ರೆಡಿಟ್ ಕಾರ್ಡ್ ನನ್ನದು. ಅದರ ಧೈರ್ಯದ ಮೇಲೆ ಇವತ್ತು ಮಧ್ಯಾಹ್ನ ಮಗಳ ಅತ್ತೆ ಮಾವನನ್ನು ಅಕ್ಕಲಕೋಟದ ಖಾನಾವಳಿಯೊಂದಕ್ಕೆ ಕರೆದೊಯ್ದೆ. ಕಡಕ್ ರೊಟ್ಟಿ, ಎಣ್ಣೆಗಾಯಿ, ಮೇಲೆ ಶೇಂಗಾ ಹೋಳಿಗೆ. ಆ ಕಾರ್ಡಿನಲ್ಲೇ ಬಿಲ್ ಕೊಟ್ಟು, ಪಾಯಿಂಟ್ ತೋರಿಸಲು ಬೀಗರ ಮುಂದೆಯೇ ಜಂಬದಿಂದ ಆ್ಯಪ್ ತೆರೆದೆ.

ಪಾಯಿಂಟ್ ಸೊನ್ನೆ. ಖರ್ಚಿನ ವಿಧ: ಪಶುಖಾದ್ಯ!

"ಏನ್ರಿ ಮಾಲಕರ, ನಾವೇನ್ ದನಾ ಏನ್ರಿ?" ಎಂದು ಕೂಗಿಬಿಟ್ಟೆ.

ಮಾಲಕ ತಣ್ಣಗೆ ಹೇಳಿದ: "ಸಿಟ್ಟಾಗಬ್ಯಾಡ್ರಿ ಕಾಕಾ. ಕಾರ್ಡ್ ಮಷೀನ್ ನಮ್ಮಣ್ಣನ ದನದ ಹಿಂಡಿ ಅಂಗಡಿ ಹೆಸರಿನ್ಯಾಗ ಐತ್ರಿ. ಅಣ್ಣ ತಮ್ಮ ನಾವ ಇನ್ನಾ ಬ್ಯಾರೆ ಆಗಿಲ್ಲ, ಮಷೀನ್ ಯಾಕ್ ಬ್ಯಾರೆ ಮಾಡೂದ್ರಿ?"

ಬ್ಯಾಂಕಿಗೆ ತಟ್ಟೆಯಲ್ಲಿರುವ ಹೋಳಿಗೆ ಕಾಣುವುದಿಲ್ಲವಂತೆ, ಮಷೀನ್ ಯಾವ ಅಂಗಡಿಯದು ಎಂಬುದಷ್ಟೇ ಕಾಣುತ್ತದಂತೆ.

ಬೀಗಿತಿ ಕೊನೆಯ ತುತ್ತು ನುಂಗಿ, "ಇರ್ಲಿ ಬಿಡ್ರಿ ಬೀಗರ, ನೀವೂ ನಮ್ಮ ಜೋಡಿನ ಉಂಡೀರಲ್ಲ" ಎಂದರು.

ಕಾರ್ಡಿನ ಪಾಯಿಂಟಿಗಾದರೂ ಒಂದು ಅವಧಿ ಇರುತ್ತದೆ. ಈ ಮಾತು ಮೊಮ್ಮಕ್ಕಳ ಮದುವೆಯ ತನಕ ಚಾಲ್ತಿಯಲ್ಲಿರುತ್ತದೆ.