ನಾನು ತಿಕ್ಕಿ ಬೆಳಗಿದ ಟ್ರಂಪೆಟ್ಟು

ಬೆಳಿಗ್ಗೆ ಮೊಮ್ಮಗಳು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಬಂತು. ಹಿತ್ತಾಳೆ ಕಂಡರೆ ತಿಕ್ಕಬೇಕೆನ್ನುವ ನನ್ನ ಚಪಲ ಒಮ್ಮೆ ಎಂಥ ಫಜೀತಿಗೆ ಸಿಕ್ಕಿಸಿತ್ತು, ಕೇಳಿ.

ಐವತ್ತರ ದಶಕದ ಕೊನೆ. ಮದುವೆಯಾಗಿ ಚಿಂತಾಮಣಿಗೆ ಬಂದು ಹದಿನೈದು ದಿನವಾಗಿತ್ತು. ನಮ್ಮ ಯಜಮಾನರು ಮದುವೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದರು. ಅದು ಮಂಕಾಗಿ ಮೂಲೆಯಲ್ಲಿತ್ತು. ಹೊಸ ಗಂಡನನ್ನು ಮೆಚ್ಚಿಸಲು ಇನ್ನೇನು ಬೇಕು? ಹುಣಸೆಹಣ್ಣು, ಬೂದಿ ಹಾಕಿ ಚೆಂಬು ಬೆಳಗಿದ ಹಾಗೆ ಬೆಳಗಿ, ಎರಡು ಬಿಂದಿಗೆ ನೀರು ಸುರಿದೆ. ಥಳಥಳ ಹೊಳೆಯಿತು.

ಮಾರನೆಯ ದಿನ ಕೈವಾರದಲ್ಲಿ ಮದುವೆ. ಹೊರಡುವ ಮೊದಲು ಅವರು ಗುಂಡಿ ಒತ್ತಿದರು. ಕೆಳಗೆ ಹೋದದ್ದು ಮೇಲೆ ಬರಲಿಲ್ಲ. ಬೂದಿ ಒಳಗೆ ಸೇರಿ ಗುಂಡಿಯ ಕೆಳಗಿನ ವಾಲ್ವು ಕಚ್ಚಿಕೊಂಡಿತ್ತು. ನಾನು ತಪ್ಪೊಪ್ಪಿಕೊಂಡು ಬೈಗುಳಕ್ಕೆ ಕಾದು ನಿಂತೆ.

"ಸೀಮೆಎಣ್ಣೆ ತಗೊಂಡ್ಬಾರಮ್ಮ. ನೀನೂ ಕೂತ್ಕೋ, ಬೇಗ ಆಗ್ತದೆ," ಎಂದರು, ಅಷ್ಟೇ.

ಮೂರೂ ವಾಲ್ವು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆವು. ನೂಲು ಬಿಡದ ಬಟ್ಟೆ ಬೇಕೆಂದರು. ನನ್ನ ಹಳೇ ರೇಷ್ಮೆ ಕುಪ್ಪಸದ ತೋಳು ಹರಿದು, ಅದರಲ್ಲೇ ಒರೆಸಿ ತಟ್ಟೆಯಲ್ಲಿಟ್ಟೆ. ಅವರು ಕೈ ಚಾಚಿದರು.

"ಒಂದನೇದು ಕೊಡು. ನಂಬರು ಅದರ ಮೇಲೇ ಐತೆ ನೋಡು."

ಮೂರನ್ನೂ ತಿರುಗಿಸಿ ನೋಡಿದೆ, ನನ್ನ ಕಣ್ಣಿಗೆ ಎಲ್ಲ ಒಂದೇ ಥರ. ಹುಡುಗಿ ನಾಲ್ಕನೇ ಕ್ಲಾಸು ಪಾಸು ಎಂದು ಹೇಳಿ ನನ್ನ ಸೋದರಮಾವ ಈ ಸಂಬಂಧ ಕುದುರಿಸಿದ್ದರು. ನಾನು ಶಾಲೆಯ ಮೆಟ್ಟಿಲೇ ಹತ್ತಿದವಳಲ್ಲ. ಗೊತ್ತಾದರೆ ತವರಿಗೆ ಅಟ್ಟುತ್ತಾರೆಂಬ ಭಯದಲ್ಲೇ ಆ ಹದಿನೈದು ದಿನ ಕಳೆದಿದ್ದೆ. ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಆಮೇಲೆ ಇನ್ನೊಂದು, ಮತ್ತೊಂದು. ಅವರು ಅವಸರದಲ್ಲಿ ನೋಡದೆಯೇ ಹಾಕಿ ಬಿಗಿದರು. ಊದಿದರೆ ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ಹೋಗಲಿಲ್ಲ. ಮತ್ತೆ ಬಿಚ್ಚಿ ನೋಡಿದರೆ ನಂಬರುಗಳೆಲ್ಲ ಅದಲುಬದಲು. ನನ್ನ ಮುಖ ನೋಡಿದರು.

"ಓದಕ್ಕೆ ಬರಲ್ವಾ?"

"ಬರಲ್ಲ ರೀ. ಮಾವ ಸುಳ್ಳು ಹೇಳಿದ್ರು." ಅಳು ತಡೆಯಲಾಗಲಿಲ್ಲ.

"ಏನಾಯ್ತೋ?" ಎಂದು ಅತ್ತೆ ಅಡುಗೆಮನೆಯಿಂದ ಕೇಳಿದರು.

"ಏನಿಲ್ಲಮ್ಮ, ನಾನೇ ಹಿಂದುಮುಂದು ಹಾಕ್ಬಿಟ್ಟೆ," ಎಂದರು ಇವರು. ಆಮೇಲೆ ನನ್ನ ಬೆರಳು ಹಿಡಿದು, ವಾಲ್ವಿನ ಮೇಲೆ ಕೊರೆದಿದ್ದ ಅಂಕಿಯ ಮೇಲೆ ಓಡಿಸಿದರು. "ಇದು ಒಂದು. ಇದು ಎರಡು. ಇದು ಮೂರು. ಇವತ್ತಿಗೆ ಇಷ್ಟು ಸಾಕು ಕಣೇ, ಬಸ್ಸು ಹೊರಟೋಗ್ತದೆ."

ಅಕ್ಷರ ಕಲಿಸಿದ್ದೂ ಅವರೇ, ಕದ್ದುಮುಚ್ಚಿ, ಎರಡು ವರ್ಷ ಹಿಡಿಯಿತು. ಅವರು ಹೋಗಿ ಬಹಳ ಕಾಲವಾಯಿತು. ಅತ್ತೆಗಾಗಲಿ ಮಕ್ಕಳಿಗಾಗಲಿ ಈ ವಿಷಯ ಬಾಯಿಬಿಡದೆಯೇ ಹೋದರು. ಮನೆಮಂದಿಗೆಲ್ಲ ನಾನು ಇವತ್ತಿಗೂ ನಾಲ್ಕನೇ ಕ್ಲಾಸು ಪಾಸು.

ಇಷ್ಟು ಬರೆದು ಮೊಮ್ಮಗಳನ್ನು ಕರೆದೆ. "ಓದಿ ನೋಡಮ್ಮ, ತಪ್ಪೇನಾದ್ರೂ ಐತಾ," ಎಂದು ಹಾಳೆ ಅವಳ ಕೈಗಿಟ್ಟೆ.