ಹೊದಿಕೆಯ ಕೆಳಗಿನ ಕೈ

ಸ್ವಂತ ಅಕ್ಕನನ್ನು ದನದ ಸಂತೆಯಲ್ಲಿ ಮಾರಲು ನಿಂತೆನೆಂಬ ಆರೋಪ ನನ್ನ ಮೇಲೆ ಬಂದದ್ದು ನಿವೃತ್ತಿಯಾಗಿ ಎಂಟು ವರ್ಷ ಕಳೆದ ಮೇಲೆ. ತಾಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಡತಗಳ ನಡುವೆ ಬಾಳಿ, ಒಂದು ಸಣ್ಣ ನೋಟೀಸೂ ಇಲ್ಲದೆ ಹೊರಬಿದ್ದವನಿಗೆ ಇದು ತಡವಾಗಿ ಸಂದ ಗೌರವವೆಂದೇ ಹೇಳಬೇಕು. ಆರೋಪ ಮಾಡಿದವಳು ಅಕ್ಕ. ಸಾಕ್ಷಿಯೂ ಅವಳೇ, ಮಾಲೂ ಅವಳೇ. ತೀರ್ಪನ್ನೂ ಅವಳೇ ಕೊಟ್ಟಳು, ಅದೂ ನನ್ನ ಮುಖ ನೋಡದೆ, ನನ್ನ ಹೆಂಡತಿಯ ಮೂಲಕ.

"ಧಾರವಾಡದ ಡಾಕ್ಟರ ಒಮ್ಮಿ ನೋಡಿ ಹೂಂ ಅನ್ನಲಿ. ನಾ ಅಲ್ಲಿಂದ ಹಂಗ ಮುರಗೋಡಕ್ಕ ಹೋಗತೇನಿ. ಈ ಮನಿ ಹೊಸ್ತಲಾ ಮತ್ತ ತುಳಿಯೂದಿಲ್ಲ ಅಂತ ನಿನ್ನ ಗಂಡಗ ಹೇಳು."

ನಾನು ಅದೇ ಕೋಣೆಯಲ್ಲಿ, ಮೂರು ಮಾರು ದೂರದಲ್ಲಿ, ಅವಳ ಗುಳಿಗೆ ಬಿಡಿಸುತ್ತ ಕುಳಿತಿದ್ದೆ.

ಅಕ್ಕ ಮುರಗೋಡದಲ್ಲಿ ಒಬ್ಬಳೇ ರಾಜ್ಯವಾಳುವವಳು. ನನಗಿಂತ ಆರು ವರ್ಷ ದೊಡ್ಡವಳು; ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು. ನಾಲ್ಕು ದಿನ ಇದ್ದು ಹೋಗಲು ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದಳು. ಬಂದ ಮರುದಿನ ಕೆಮ್ಮು, ಮೂರನೆಯ ದಿನ ಜ್ವರ, ನಾಲ್ಕನೆಯ ದಿನ ಉಸಿರೇ ಸಾಲದಾಯಿತು. ಧಾರವಾಡದ ಆಸ್ಪತ್ರೆಯವರು ನ್ಯುಮೋನಿಯಾ ಎಂದರು, ನಂಜು ರಕ್ತಕ್ಕೆ ಏರಿದೆ ಎಂದರು, ನನ್ನಿಂದ ಸಹಿ ಹಾಕಿಸಿಕೊಂಡು ಗಂಟಲಿಗೆ ಕೊಳವೆ ಇಳಿಸಿದರು. ಒಂಬತ್ತು ದಿನ ಅಕ್ಕನ ಪರವಾಗಿ ಒಂದು ಯಂತ್ರ ಉಸಿರಾಡಿತು.

ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಿಕೊಂಡು ಬರದಿದ್ದರೆ ಅದು ಸಣ್ಣ ಅಪರಾಧವಲ್ಲ. ಹೂಲಿಯಿಂದ ಬಂದರು, ರಾಮದುರ್ಗದಿಂದ ಬಂದರು. ಎಲ್ಲರ ಕೈಯಲ್ಲೂ ಬಾಳೆಹಣ್ಣು, ಬಿಸ್ಕೀಟು. ಒಳಗೆ ಮಲಗಿದವಳು ಮೂಗಿನ ನಳಿಗೆಯಲ್ಲಿ ಉಣ್ಣುತ್ತಿದ್ದಳಾದ್ದರಿಂದ, ಅವಳ ಪಾಲಿನ ಬಾಳೆಹಣ್ಣನ್ನೆಲ್ಲ ವರಾಂಡದಲ್ಲಿ ಕುಳಿತು ನಾನೇ ತಿಂದೆ. ತೀವ್ರ ನಿಗಾ ಘಟಕದೊಳಗೆ ದಿನಕ್ಕೆ ಒಬ್ಬರಿಗೆ, ಒಂದು ತಾಸು ಮಾತ್ರ ಪ್ರವೇಶ. ಸಂಜೆ ನಾಲ್ಕರಿಂದ ಐದು. ಆ ಒಬ್ಬ ನಾನು. ಉಳಿದ ಹೊತ್ತು ಗಾಜಿನ ಬಾಗಿಲ ಆಚೆ ನಿಂತು, ಡಾಕ್ಟರು ಏನು ಹೇಳಿದರೂ ಗೋಣು ಹಾಕುವುದು ನನ್ನ ಕೆಲಸ.

ಅಲ್ಲಿದ್ದ ನರ್ಸ್ ಸವದತ್ತಿ ಕಡೆಯ ಹುಡುಗಿ. ನನ್ನನ್ನು ಮೊದಲ ದಿನವೇ ಅಜ್ಜನನ್ನಾಗಿ ಮಾಡಿದಳು.

"ಅಜ್ಜಾರ, ಒಂದು ನೋಟ್‌ಬುಕ್ ತರ್ರಿ. ದಿನಾ ಏನೇನಾತು ಬರದಿಡ್ರಿ. ಎದ್ದ ಮ್ಯಾಲ ಇವ್ರಿಗೆ ಈ ದಿನಗೋಳು ನೆನಪಿರೂದಿಲ್ಲ. ಇಲ್ಲಾಂದ್ರ ಆಗದೇ ಇದ್ದದ್ದೆಲ್ಲಾ ನೆನಪಿರತೈತಿ. ಆವಾಗ ಓದಿ ಹೇಳಾಕ ಬೇಕಾಗತೈತಿ."

ಬರೆಯುವುದೆಂದರೆ ನನಗೆ ಹೇಳಿಕೊಡಬೇಕೇ. ಎಡಕ್ಕೆ ಅಂಚು ಬಿಟ್ಟು, ದಿನಾಂಕ ಹಾಕಿ, ವಿಷಯದ ಕೆಳಗೆ ಗೆರೆ ಎಳೆದು ಬರೆದೆ. 'ರೋಗಿಯ ಸ್ಥಿತಿ ಯಥಾಪ್ರಕಾರ ಇರುತ್ತದೆ.' 'ಜ್ವರ ನೂರೊಂದು. ಸಂಬಂಧಪಟ್ಟ ವೈದ್ಯರ ಗಮನಕ್ಕೆ ತರಲಾಗಿದೆ.'

ಹತ್ತನೆಯ ದಿನ ಕೊಳವೆ ತೆಗೆದರು. ಮತ್ತೊಂದು ವಾರ ವಾರ್ಡಿನಲ್ಲಿಟ್ಟು ಮನೆಗೆ ಕಳಿಸುವಾಗ ಅದೇ ನರ್ಸ್ ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದಳು: ಕೈಕಾಲಲ್ಲಿ ಬಲ ಇರುವುದಿಲ್ಲ, ಲೋಟ ಹಿಡಿಯಲೂ ಆಗಲಿಕ್ಕಿಲ್ಲ. ಕೂದಲು ಉದುರಬಹುದು. ಕೆಟ್ಟ ಕನಸು ಬೀಳುತ್ತವೆ, ಕನಸನ್ನೇ ನಿಜ ಎನ್ನಬಹುದು. "ಆವಾಗ ವಾದ ಮಾಡಬ್ಯಾಡ್ರಿ. ನಗಬ್ಯಾಡ್ರಿ."

ನಾನು ನಕ್ಕೆ.

ಮನೆಗೆ ಬಂದ ನಾಲ್ಕನೆಯ ದಿನ, ಅಕ್ಕ ನಾನು ಕೊಟ್ಟ ನೀರು ಕುಡಿಯುವುದಿಲ್ಲವೇಕೆಂದು ಹೆಂಡತಿ ಮೆಲ್ಲಗೆ ಕೇಳಿದಳು. ಅಕ್ಕ ಗೋಡೆಯ ಕಡೆ ತಿರುಗಿಯೇ ಶುರುಮಾಡಿದಳು.

"ನನ್ನ ದನದ ಪ್ಯಾಟ್ಯಾಗ ಕಟ್ಟಿ ಹಾಕಿದ್ರವಾ. ಎರಡೂ ಕೈಗೆ ಹಗ್ಗ. ಎತ್ತಿಗೆ ಔಷಧ ಕುಡಸೂ ಗೊಟ್ಟ ಇರತೈತಲ್ಲ, ಅದನ್ನ ಬಾಯಾಗ ತುರುಕಿದ್ರು. ಸುತ್ತೂ ಕಡೆ ಕೊರಳಗಂಟಿ ಸಪ್ಪಳ. ಟಾವೆಲ್ ಕೆಳಗ ಯಾವನೋ ದಲಾಲಿ ನನ್ನ ಬೆರಳ ಹಿಡದು ಬೆಲಿ ಮಾಡಾಕ ಹತ್ತಿದ್ದ. ನಿನ್ನ ಗಂಡ ಕಾಜಿನ ಆಚಿ ನಿಂತು ಹೂಂ ಹೂಂ ಅಂತ ಗೋಣ ಹಾಕತಿದ್ದ."

ನಮ್ಮ ಅಪ್ಪ ಎತ್ತಿನ ವ್ಯಾಪಾರಿ. ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕೊಳ್ಳುವವನೂ ಕೊಡುವವನೂ ಟಾವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ಎಷ್ಟೆಂದು ತಿಳಿಸಬೇಕು. ಬೆಲೆ ಒಪ್ಪದವನು ಕೈ ಕಸಿದುಕೊಳ್ಳುತ್ತಾನೆ. ಅಕ್ಕ ಸಣ್ಣವಳಿದ್ದಾಗ ಅಪ್ಪನ ಜತೆ ಹೋಗಿ ಆ ವಿದ್ಯೆಯನ್ನೆಲ್ಲ ಕಲಿತಿದ್ದಳು. ನಾನು ಸಾಲಿಗೆ ಹೋಗಿ ಗುಮಾಸ್ತನಾದೆ.

ಗೊಟ್ಟದ ಮಾತಿಗೆ ನನಗೆ ನಗು ಬಂತು. ಹತ್ತು ದಿನ ಅಳು ತಡೆದ ಬಾಯಿಂದ ತಪ್ಪಿ ಹೊರಬಿದ್ದ ನಗು. ಅಕ್ಕ ಒಮ್ಮೆ ತಿರುಗಿ ನೋಡಿದಳು. "ನೋಡವಾ, ಈಗೂ ನಗತಾನ" ಎಂದಳು. ಅಂದಿನಿಂದ ನನ್ನ ಜತೆ ಮಾತು ಬಂದ್.

ದಾಖಲೆ ಇದೆಯಲ್ಲ ಎಂದು ನಾನು ಧೈರ್ಯದಿಂದಿದ್ದೆ. ಹೆಂಡತಿ ನೋಟ್‌ಬುಕ್ ಓದಿದಳು. ಕೈಗೆ ಕಟ್ಟಿದ್ದು ಮೆತ್ತನೆಯ ಬಟ್ಟೆ, ಕೊಳವೆ ಕಿತ್ತುಕೊಳ್ಳಬಾರದೆಂದು. ಗಂಟೆಯ ಸಪ್ಪಳ ಯಂತ್ರದ್ದು. ಬೆರಳು ಹಿಡಿದದ್ದು ಆಮ್ಲಜನಕ ಅಳೆಯುವ ಕ್ಲಿಪ್ಪು ಎಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

"ಜ್ವರ ಬರದಾನ. ಡಾಕ್ಟರ ಬಂದದ್ದ ಬರದಾನ. ರಾಮದುರ್ಗದಾಂವ ಬಂದದ್ದೂ ಬರದಾನ. ಇಂವ ಎಲ್ಲಿದ್ದ? ಇವನ ಸುದ್ದೀನ ಇಲ್ಲಲ್ಲ ಇದರಾಗ."

ಹೆಂಡತಿ ಹಾಳೆ ತಿರುವಿದಳು. ಇರಲಿಲ್ಲ. ಕಡತದಲ್ಲಿ ಗುಮಾಸ್ತ ಕಾಣಿಸಿಕೊಳ್ಳಬಾರದು ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಅದನ್ನು ಅಕ್ಷರಶಃ ಪಾಲಿಸಿದ್ದೆ.

"ನಿಮ್ಮ ಶಾಣ್ಯಾತನಕ್ಕ ಏನ ಹೇಳಬೇಕ್ರಿ!" ಎಂದು ಹೆಂಡತಿ ಪುಸ್ತಕ ಮುಚ್ಚಿದಳು.

ತಿಂಗಳಾದ ಮೇಲೆ ತೋರಿಸಿಕೊಂಡು ಬರಲು ಧಾರವಾಡಕ್ಕೆ ಹೊರಟೆವು, ನಾನು ಮತ್ತು ಅಕ್ಕ. ಅವಳು ತನ್ನ ಸೀರೆ, ಗುಳಿಗೆ, ಹಣಿಗೆ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡಿದ್ದಳು. ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ನೀರು ತುಳುಕುತ್ತಿತ್ತು. ಮುರಗೋಡದಲ್ಲಿ ಒಬ್ಬಳೇ ಒಲೆ ಹೊತ್ತಿಸುವುದು ಹೇಗೆ? ಕೇಳಲು ನನಗೆ ಅಧಿಕಾರವಿರಲಿಲ್ಲ.

ಡಾಕ್ಟರು ಎದೆ ಸ್ವಚ್ಛವಾಗಿದೆ ಎಂದರು. ಊರಿಗೆ ಹೋಗಬಹುದಾ ಎಂದು ಅಕ್ಕ ಕೇಳಿದಳು. ಹೋಗಬಹುದು, ಆದರೆ ಜತೆಗೆ ಯಾರಾದರೂ ಇರಲಿ ಎಂದರು. ಅಕ್ಕನಿಗೆ ಮೊದಲರ್ಧ ಮಾತ್ರ ಕೇಳಿಸಿತು.

ಹೊರಗೆ ಬಂದರೆ ಸವದತ್ತಿಯ ಹುಡುಗಿ ನಿಂತಿದ್ದಳು. ನಾನು ಪಕ್ಕಕ್ಕೆ ಕರೆದು ನನ್ನ ಮೇಲಿನ ಖಟ್ಲೆಯನ್ನು ತಿಳಿಸಿದೆ. ಅವಳು ನಗಲಿಲ್ಲ.

"ಆಯಿ, ನೀವ ಮಲಗಿದ್ದ ಜಾಗಾ ನೋಡತೀರೇನ್ರಿ? ಈಗ ಖಾಲಿ ಐತಿ."

ಅಕ್ಕ ನನ್ನ ತೋಳು ಹಿಡಿಯದೆ, ಗೋಡೆ ಹಿಡಿದು ನಡೆದಳು. ಮಂಚ ನೋಡಿದಳು. ಯಂತ್ರ ಕುಂಯ್ ಎಂದಾಗ ಬೆಚ್ಚಿ, ಆಮೇಲೆ ಕಿವಿಗೊಟ್ಟಳು. "ಹೌದವಾ, ಇದ ಗಂಟಿ." ಕೈಗೆ ಕಟ್ಟುವ ಬಟ್ಟೆ ಮುಟ್ಟಿ ನೋಡಿದಳು. "ಇದ ಹಗ್ಗ." ನರ್ಸ್ ಅವಳ ಬೆರಳಿಗೆ ಕ್ಲಿಪ್ಪು ಹಾಕಿ, "ಇದ ನೋಡ್ರಿ ನಿಮ್ಮ ದಲಾಲಿ" ಎಂದಳು.

ಅಕ್ಕ ಬೆರಳನ್ನು ಅತ್ತಿತ್ತ ತಿರುಗಿಸಿದಳು.

"ಇದಲ್ಲ. ಇದು ಕಚ್ಚತೈತಿ, ಒತ್ತೂದಿಲ್ಲ. ಅದು ಮನಷ್ಯಾನ ಕೈ. ಬೆಚ್ಚಗಿತ್ತು."

"ಬೆಚ್ಚಗಿನ ಕೈ ಅಂದ್ರ ಅಜ್ಜಾರದ್ರಿ!" ಎಂದುಬಿಟ್ಟಳು ಹುಡುಗಿ. "ದಿನಾ ನಾಲ್ಕಕ್ಕ ಬಂದು, ಎಸಿ ಥಂಡಿ ಐತಿ ಅಂತ ಹೊದಿಕಿ ಒಳಗ ಕೈ ಹಾಕಿ ನಿಮ್ಮ ಕೈ ಹಿಡಕೊಂಡ ಕುಂದರತಿದ್ರು. ಬೆರಳ ಒತ್ತಿ ನೋಡ್ರಿ, ತಿಳೀತೈತೇನೋ ಅಂತ ನಾನ ಹೇಳಿದ್ನಿ. ದಿನಾ ಅಳತಿದ್ರು."

"ಎಸಿ ಗಾಳಿ ಕಣ್ಣಿಗೆ ಬಡೀತಿತ್ತು" ಎಂದು ನಾನು ಆಕ್ಷೇಪಣೆ ಸಲ್ಲಿಸಿದೆ. ಯಾರೂ ಪರಿಗಣಿಸಲಿಲ್ಲ.

ಇದನ್ನು ನಾನೇ ಮುಚ್ಚಿಟ್ಟಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಅರವತ್ತೆಂಟರ ಗಂಡಸು ಅಕ್ಕನ ಕೈ ಹಿಡಿದು ಒಂದು ತಾಸು ಕುಳಿತ ಎಂಬುದನ್ನು ಯಾವ ವಿಷಯದ ಕೆಳಗೆ ಬರೆಯಬೇಕೋ ನನಗೆ ತಿಳಿದಿರಲಿಲ್ಲ. ಅಕ್ಕ ದಲಾಲಿಯ ಮಾತೆತ್ತಿದಾಗಲೂ ಎಲ್ಲವನ್ನೂ ಕ್ಲಿಪ್ಪಿನ ಮೇಲೆ ಹಾಕಿ ಸುಮ್ಮನಿದ್ದೆ.

ತಿಂಗಳ ನಂತರ ಮೊದಲ ಬಾರಿಗೆ ಅಕ್ಕ ನೇರವಾಗಿ ನನ್ನನ್ನು ಕೇಳಿದಳು.

"ಆ ಕೈ ನಿಂದ?"

"ಹೂಂ."

"ಎರಡ ಬೆರಳ ಹಿಡದ ಒತ್ತಿದಿ ಒಂದಿನ."

"ಒತ್ತಿದ್ನಿ."

"ನಾ ಕಸಗೊಂಡೆ."

ಕಸಿದುಕೊಂಡಿದ್ದಳು. ಅದು ಕಡತದಲ್ಲಿದೆ. ಆರನೆಯ ದಿನ: 'ರೋಗಿಯು ಬಲಗೈಯನ್ನು ಹಿಂದಕ್ಕೆ ಎಳೆದುಕೊಂಡಿರುತ್ತಾರೆ. ವೈದ್ಯರು ಸಮಾಧಾನ ವ್ಯಕ್ತಪಡಿಸಿರುತ್ತಾರೆ.' ಅಂದು ವರಾಂಡದಲ್ಲಿ ನಾವೆಲ್ಲ ಎರಡೆರಡು ಸಲ ಚಹಾ ಕುಡಿದಿದ್ದೆವು.

"ಮತ್ತೇನು, ಎರಡ ಬೆರಳಿಗೆ ಯಾರರೇ ಒಪ್ಪತಾರ?" ಎಂದಳು ಅಕ್ಕ. "ಅಪ್ಪ ಇದ್ದಿದ್ರ ನಿನಗ ಚಡಿ ತಗೊಂಡ ಹೊಡೀತಿದ್ದ."

ನರ್ಸ್ ಈಗ ನಕ್ಕಳು. ನಾನು ಮಾತ್ರ ಅನುಭವದ ಬಲದಿಂದ ನಗಲಿಲ್ಲ.

ನಮಗೆ ಸಿಕ್ಕಿದ್ದು ಕಿತ್ತೂರು, ಬೈಲಹೊಂಗಲದ ಮೇಲೆ ಮುರಗೋಡಕ್ಕೆ ಹೋಗುವ ಬಸ್ಸು. ಅಕ್ಕ ಕಿಟಕಿಯ ಬದಿ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಗದ್ದಲದಲ್ಲಿ ಕಂಡಕ್ಟರ್ ನಮ್ಮ ಹತ್ತಿರ ಬರುವಷ್ಟರಲ್ಲಿ ಕಿತ್ತೂರು ಸಮೀಪಿಸಿತ್ತು. ನಾನು ನನ್ನೊಬ್ಬನಿಗೆ ಬೈಲಹೊಂಗಲದ ಟಿಕೀಟು ತೆಗೆಸಿ, ಮುಂದಿನದನ್ನು ಕೇಳಿಸಿಕೊಳ್ಳಲಾರದೆ ಎದುರಿನ ಸೀಟಿನ ಬೆನ್ನು ನೋಡತೊಡಗಿದೆ.

"ಆಯಿ, ಆಧಾರ್ ತೋರಿಸ್ರಿ. ಎಲ್ಲೀತನಕ?"

ಅಕ್ಕ ಸೆರಗಿನ ಗಂಟು ಬಿಚ್ಚಿ ಕಾರ್ಡು ತೆಗೆಯಲು ಬಹಳ ಹೊತ್ತು ಹಿಡಿಯಿತು. ಕಂಡಕ್ಟರ್ ಇನ್ನೊಮ್ಮೆ ಕೇಳಿದ.

"ಬೈಲಹೊಂಗಲ."

ನಾನು ತಿರುಗಿ ನೋಡಿದೆ.

"ಏನ ನೋಡತಿ? ನಿನ್ನ ಹೇಂತಿ ಪುಂಡಿಪಲ್ಯಾಕ ಉಪ್ಪ ಹಾಕೂದಿಲ್ಲ. ತಿಂಗಳಿಂದ ಹೇಳಬೇಕಂದ್ರ ಈ ಸಿಟ್ಟಿನ್ಯಾಗ ಬಾಯಿ ಮುಚಗೊಂಡ ಕುಂತೇನಿ. ಮುರಗೋಡ ಎಲ್ಲೀಗೂ ಓಡಿ ಹೋಗೂದಿಲ್ಲ."

ಟಿಕೀಟನ್ನು ಮಡಚಿ ಕಟ್ಟಿಕೊಂಡ ಮೇಲೆ, ಸೆರಗನ್ನು ಎಳೆದು ತನ್ನ ಕೈಯ ಮೇಲೂ ನನ್ನ ಕೈಯ ಮೇಲೂ ಹೊದಿಸಿದಳು. ಅದರ ಕೆಳಗೆ ನನ್ನ ಬೆರಳುಗಳನ್ನು ಒಂದೊಂದಾಗಿ ತಡವಿ, ಐದನ್ನೂ ಒಟ್ಟಿಗೆ ಹಿಡಿದಳು.

"ಇದು ಎಷ್ಟು?" ಎಂದೆ.

"ಸುಮ್ನ ಕುಂಡ್ರು. ವ್ಯಾಪಾರದಾಗ ಬಾಯಿ ಬಿಡಬಾರದು."

ಕಿತ್ತೂರಿನಲ್ಲಿ ಚಹಾದವನು ಕಿಟಕಿಗೆ ಬಂದ. ಎರಡು ಹೇಳಿ, ಕಿಸೆಗೆ ಕೈ ಹಾಕೋಣವೆಂದು ಆ ಕೈಯನ್ನು ಬಿಡಿಸಿಕೊಳ್ಳಲು ನೋಡಿದೆ. ಬರಲಿಲ್ಲ.