ಸೋಮವಾರ ಹಾಕಿದ ಟಿಕ್ಕು

ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ. ಇಪ್ಪತ್ತೆರಡು ವರ್ಷದಿಂದ ಅದರ ಯಜಮಾನಿಕೆ ದೊಡ್ಡಕ್ಕನದು. ಹಾಗೆ ಕರೆಯುವವರು ಅವಳ ಕೈಕೆಳಗಿನ ಆರು ಹೆಂಗಸರು. ರಕ್ತ, ಕೀವು, ವಾಂತಿ, ಏನು ಮೆತ್ತಿಕೊಂಡು ಬಂದರೂ ಅವಳಿಗೆ ಹೇಸಿಗೆಯಿಲ್ಲ. ಬಿಸಿನೀರು, ಸೋಪು ಇದ್ದರೆ ಹೋಗದ ಕೊಳೆ ಯಾವುದು ಹೇಳಿ? ಅವಳಿಗೆ ಹೇಸಿಗೆ ಹುಟ್ಟಿಸಿದ್ದು ಒಂದು ಹಾಳೆ ಕಾಗದ.

ಅವಳ ಅಭ್ಯಾಸ ಒಂದೇ. ವಾರ್ಡಿನಿಂದ ಬಂದ ಪ್ರತಿ ಚಾದರವನ್ನೂ, ದಿಂಬಿನ ಚೀಲವನ್ನೂ ಯಂತ್ರಕ್ಕೆ ತುಂಬುವ ಮೊದಲು ತಗಡಿನ ಮೇಜಿನ ಮೇಲೆ ಮೂರು ಸಲ ಕೊಡವಬೇಕು. ಯಾರೋ ಮರೆತ ಸೂಜಿ ಇದ್ದರೆ ಟಣ್ ಎಂದು ಬೀಳುತ್ತದೆ. "ಕೊಡವದೆ ಒಳಗೆ ಕೈ ಹಾಕಿದ್ರೆ ಕೈ ಮುರಿದುಬಿಡ್ತೀನಿ" ಎಂದು ಬೈದು ಬೈದೇ ಎಲ್ಲರಿಗೂ ಕಲಿಸಿದ್ದಳು.

ಅಷ್ಟರಲ್ಲಿ ಹೊಸ ಮ್ಯಾನೇಜರು ಯಾವುದೋ ತರಬೇತಿ ಮುಗಿಸಿಕೊಂಡು ಬಂದ. ಬಂದವನೇ ಎಲ್ಲ ವಿಭಾಗದ ಮುಖ್ಯಸ್ಥರಿಗೂ ಒಂದೊಂದು ಪಟ್ಟಿ ಹಂಚಿದ. ನಾಯಕರ ಹತ್ತು ಒಳ್ಳೆಯ ಅಭ್ಯಾಸಗಳಂತೆ! ಐದಕ್ಕೆ ಏಳುವುದು, ಎರಡು ಲೀಟರ್ ನೀರು ಕುಡಿಯುವುದು, ಇವತ್ತಿನ ಗುರಿ ಬರೆಯುವುದು. ಹತ್ತನೆಯದು ಅವರವರ ಸ್ವಂತ ಅಭ್ಯಾಸ. ವಾರಕ್ಕೊಂದು ಹಾಳೆ, ಅದರಲ್ಲಿ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಟಿಕ್ ಹಾಕಿ ಫೋಟೋ ಕಳಿಸಬೇಕು.

"ನಾಯಕಿಯಂತೆ ನಾನು! ಮನೇಲಿ ನನ್ನ ಮಾತು ಬೆಕ್ಕೂ ಕೇಳಲ್ಲ" ಎಂದು ದೊಡ್ಡಕ್ಕ ನಕ್ಕಳು. ಆದರೂ ಹತ್ತನೆಯ ಸಾಲಿನಲ್ಲಿ 'ಬಟ್ಟೆ ಕೊಡವುವುದು' ಎಂದು ಬರೆದಳು.

ಕೊಳೆ ಬಟ್ಟೆಯ ಗಾಡಿ ಬರುವುದೂ ಒಂಬತ್ತಕ್ಕೇ. ಗುರಿ ಬರೆ, ಫೋಟೋ ತೆಗೆ, ಸರಿ ಬರಲಿಲ್ಲ ಎಂದು ಬೈಸಿಕೊಂಡು ಮತ್ತೆ ತೆಗೆ. ಅತ್ತ ಗಾಡಿ ಕಾಯುತ್ತಿತ್ತು. ಕೊಡವುವುದು ಮೂರು ಸಲದಿಂದ ಒಂದಕ್ಕೆ ಇಳಿಯಿತು. ಗಡಿಬಿಡಿಯ ದಿನ ಅದೂ ಇಲ್ಲ. ರಗಳೆಯೇ ಬೇಡವೆಂದು ಆಕೆ ಸೋಮವಾರವೇ ಇಡೀ ವಾರದ ಟಿಕ್ ಹಾಕಿ, ದಿನಾ ಅದರದೇ ಫೋಟೋ ತೆಗೆದು ಕಳಿಸತೊಡಗಿದಳು. ಮ್ಯಾನೇಜರು ಒಂದು ದಿನವಾದರೂ ಕಣ್ಣುಬಿಟ್ಟು ನೋಡಿದ್ದರೆ ಕೇಳಿ! ಬದಲಿಗೆ, ಎಲ್ಲರಿಗಿಂತ ಶಿಸ್ತಿನ ಪಟ್ಟಿ ಇವಳದೇ ಎಂದು ಸಭೆಯಲ್ಲಿ ಚಪ್ಪಾಳೆ ತಟ್ಟಿಸಿದ.

ಒಂದು ಗುರುವಾರ, ಆ ಆರು ಹೆಂಗಸರಲ್ಲೊಬ್ಬಳಾದ ಕುಳ್ಳಿ ದಿಂಬಿನ ಚೀಲದೊಳಗೆ ಕೈ ತೂರಿಸಿ ಅಮ್ಮಾ ಎಂದು ಕಿರುಚಿದಳು. ಸೂಜಿ ಹೆಬ್ಬೆರಳಿಗೆ ನೆಟ್ಟಿತ್ತು. ಯಾವ ರೋಗಿಯದೋ, ಏನು ಕಾಯಿಲೆಯೋ ಯಾರಿಗೂ ಗೊತ್ತಿಲ್ಲ. ಕುಳ್ಳಿಗೆ ಎಂಟು ತಿಂಗಳ ಕೂಸು. ಡಾಕ್ಟರು ಮಾತ್ರೆ ಕೊಟ್ಟು, "ಪರೀಕ್ಷೆ ಎಲ್ಲ ಮುಗಿಯೋವರೆಗೂ ಮಗೂಗೆ ಹಾಲು ಕೊಡಬೇಡಿ" ಎಂದರು.

ಮರುದಿನ ಮ್ಯಾನೇಜರು ದೊಡ್ಡಕ್ಕನನ್ನು ಕರೆಸಿದ. ಎದುರಿಗೆ ಅವಳ ಪಟ್ಟಿ ಇತ್ತು.

"ನೀವೇನೂ ಹೆದರಬೇಡಿ. ಗುರುವಾರ ಕೊಡವಿದ್ದಕ್ಕೆ ಟಿಕ್ ಇದೆ. ಆಕೆದೇ ಅಜಾಗರೂಕತೆ ಅಂತ ವರದಿ ಬರೆದಿದ್ದೀನಿ. ನೋಡಿದ್ರಾ, ಒಳ್ಳೆ ಅಭ್ಯಾಸ ಹೇಗೆ ಕಾಪಾಡುತ್ತೆ?"

ದೊಡ್ಡಕ್ಕ ಆ ಪಟ್ಟಿಯನ್ನು ಕೈಗೆತ್ತಿಕೊಂಡಳು. ಥೂ, ಇಪ್ಪತ್ತೆರಡು ವರ್ಷ ಎಂಥೆಂಥ ಕೊಳೆ ಮುಟ್ಟಿದರೂ ಬಾರದ ಹೇಸಿಗೆ. ಅವನ ನಗುಮುಖ ನೋಡಿ ಬಂತು. ಆ ಟಿಕ್ ಹಾಕಿದ ತನ್ನ ಕೈ ನೋಡಿದಾಗ ಇನ್ನೂ ಜಾಸ್ತಿಯಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಅವನೊಬ್ಬನನ್ನೇ ಬೈದು ಏನು ಬಂತು? ಸುಮ್ಮನೆ ತಲೆಯಾಡಿಸಿದ್ದರೆ ಅವಳ ಕೆಲಸ ಉಳಿಯುತ್ತಿತ್ತು.

"ಆ ಟಿಕ್ ಸೋಮವಾರಾನೇ ಹಾಕಿದ್ದು ಸರ್" ಎಂದಳು. "ಗುರುವಾರ ನಾವು ಕೊಡವಲೇ ಇಲ್ಲ. ನಿಮ್ಮ ಪಟ್ಟಿಯ ಫೋಟೋ ತೆಗೀತಾ ಇದ್ದೆ."

"ಶ್! ಇದನ್ನೆಲ್ಲ ಹೊರಗೆ ಹೇಳಬೇಡಿ. ಇಬ್ಬರಿಗೂ ತೊಂದರೆ."

"ತೊಂದರೆ ಆಗಿರೋದು ಮೂರನೆಯವಳಿಗೆ. ಪೆನ್ನು ಕೊಡಿ."

ಅವನ ವರದಿಯ ಕೆಳಗೇ ನಡೆದದ್ದನ್ನು ನಡೆದ ಹಾಗೆ ಬರೆದು ಸಹಿ ಹಾಕಿದಳು. ಕೆಳಗಿಳಿದು ಬಂದರೆ ಕುಳ್ಳಿ ತಗಡಿನ ಮೇಜಿನ ಪಕ್ಕ ಕುಳಿತಿದ್ದಳು.

"ತಪ್ಪು ನಂದೇ ಅಂತ ಬರೆದುಕೊಟ್ಟೆ ಕಣೇ" ಎಂದಳು ದೊಡ್ಡಕ್ಕ.

ಕುಳ್ಳಿ ಮುಖ ತಿರುಗಿಸಿಕೊಂಡಳು. ಅವಳ ಅಂಗಿಯ ಎದೆಯೆಲ್ಲ ಹಾಲಿನಿಂದ ಒದ್ದೆಯಾಗಿತ್ತು.